ಮಲ್ಲಾಪುರದ ಮಲ್ಲೇಶ್ವರ

ಮಲ್ಲೇಶ್ವರ ಪ್ಲೇಗಿನಿಂದ ಹುಟ್ಟಿದ ಬಡಾವಣೆ ಎಂದು ಬೆಂಗಳೂರಿನಲ್ಲಿ ಹೇಳದವರಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೆ ಆ ಮಾತು ಅರ್ಧ ಸತ್ಯ. ಕಾಡು ಮಲ್ಲೇಶ್ವರನ ಗುಡಿಯ 1669ರ ಶಾಸನ ಬೇರೆಯೇ ಹೇಳುತ್ತದೆ. ಶಿವಾಜಿಯ ಮಲಸಹೋದರ ಏಕೋಜಿ ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ದಾಖಲೆ ಅದು. ಏಕೋಜಿಯೇ ಗುಡಿ ಕಟ್ಟಿಸಿದ ಎಂದು ಎಷ್ಟೋ ಕಡೆ ಬರೆದಿದ್ದಾರೆ. ಆದರೆ ಕಲ್ಲಿನಲ್ಲಿರುವುದು ದತ್ತಿಯ ಮಾತು. ದೇವರೂ ಊರೂ ಮೊದಲೇ ಇದ್ದದ್ದರಿಂದಲೇ ಅಲ್ಲವೇ ಉಂಬಳಿ ಬಂದದ್ದು? ಮೇದರ ಹೆಸರು ಹೊತ್ತ ಆ ಹಳ್ಳಿಯ ಜಾಗದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಹಳ್ಳಿಯ ಹೆಸರು ಶಾಸನದಲ್ಲಿ ಉಳಿದಿದೆ.

ಪ್ಲೇಗಿಗಿಂತ ಮುಂಚೆ ಬಂದದ್ದು ಬರ. 1876ರಿಂದ 78ರವರೆಗಿನ ಧಾತು ಈಶ್ವರದ ಬರದಲ್ಲಿ ಮೈಸೂರು ಸೀಮೆಯ ಐದರಲ್ಲೊಂದು ಪಾಲು ಜನ ಸತ್ತರು. ಆ ಪೆಟ್ಟು ತಿಂದ ಮೇಲೆ, 1882ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇಲ್ಲಿ ಕೆರೆ ಕಟ್ಟಿಸಿದರು. ಹತ್ತಿರದಲ್ಲೇ ಸರ್ಕಾರಿ ಗಂಧದ ಕೋಠಿ ಇದ್ದುದರಿಂದ ಹಳಬರು ಅದನ್ನು ಗಂಧದಕೋಟಿ ಕೆರೆ ಎನ್ನುತ್ತಿದ್ದರು. ಒಂದು ಬತ್ತಿದರೆ ಇನ್ನೊಂದು ಆಗಲಿ ಎಂದು ಅದನ್ನು ಮಿಲ್ಲರ್ಸ್ ಕೆರೆಗೂ ಧರ್ಮಾಂಬುಧಿ ಕೆರೆಗೂ ಜೋಡಿಸಿದ್ದರು. ಧರ್ಮಾಂಬುಧಿಯ ಮೇಲೆ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಮಿಲ್ಲರ್ಸ್ ಕೆರೆ ರಸ್ತೆಯೊಂದರ ಹೆಸರಾಗಿ ಉಳಿದಿದೆ. ಮೂರರಲ್ಲಿ ನೀರು ನಿಂತಿರುವುದು ನಮ್ಮ ಸ್ಯಾಂಕಿ ಕೆರೆಯಲ್ಲಿ ಮಾತ್ರ.

1898ರ ಆಗಸ್ಟಿನಲ್ಲಿ ಪೇಟೆಗೆ ಪ್ಲೇಗು ಬಂತು. "ಇಲಿ ಬಿತ್ತು ಅಂದರೆ ಪಾತ್ರೆ ಕಟ್ಟು" ಎಂದು ನಮ್ಮಜ್ಜಿ ತಮ್ಮ ಅತ್ತೆಯಿಂದ ಕೇಳಿದ್ದನ್ನು ನನಗೆ ಹೇಳುತ್ತಿದ್ದರು. ಮನೆಯಲ್ಲಿ ಒಂದು ಇಲಿ ಸತ್ತು ಬಿದ್ದರೂ ಸಾಕು, ಬಾಗಿಲಿಗೆ ಬೀಗ ಹಾಕಿ, ಊರಾಚೆ ತೋಪಿನಲ್ಲೋ ಹೊಲದಲ್ಲೋ ಗುಡಿಸಲು ಹಾಕಿಕೊಳ್ಳುವುದು. ಒಂದು ಬೀದಿಯವರು ಒಟ್ಟಿಗೆ ಹೋಗಿ, ಸರದಿಯ ಮೇಲೆ ಊರ ಮನೆಗಳಿಗೆ ಕಾವಲಿರುತ್ತಿದ್ದರಂತೆ. ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಸುದ್ದಿ ಬೇಗ ಮುಟ್ಟಲೆಂದು ಟೆಲಿಫೋನ್ ತಂತಿ ಎಳೆಸಿತು. ಜನ ತಮ್ಮ ಪಾಡಿಗೆ ಮಾರಮ್ಮನ ಗುಡಿ ಕಟ್ಟಿಕೊಂಡರು. ತ್ಯಾಗರಾಜನಗರದಲ್ಲಿ ಪ್ಲೇಗ್ ಮಾರಮ್ಮನಿಗೆ ಇಂದಿಗೂ ಪೂಜೆ ನಡೆಯುತ್ತದೆ. ದಂಡು (ಕಂಟೋನ್ಮೆಂಟ್), ಪೇಟೆ ಸೇರಿ 1891ರ ಗಣತಿಯಲ್ಲಿ 1 ಲಕ್ಷ 80 ಸಾವಿರವಿದ್ದ ಜನಸಂಖ್ಯೆ 1901ರಲ್ಲಿ 1 ಲಕ್ಷ 60 ಸಾವಿರದ ಆಸುಪಾಸಿಗೆ ಇಳಿದಿತ್ತು.

ಗಾಳಿ ಬೆಳಕಿಲ್ಲದ ಪೇಟೆಯ ಕೇರಿಗಳಿಂದ ಜನರನ್ನು ಬಿಡಿಸಿ ತರಲೆಂದೇ ಮಲ್ಲಾಪುರದ ಹೊಲಗಳಲ್ಲಿ ಹೊಸ ಬೀದಿಗಳು ಎದ್ದವು. ನೇರ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ. ಒಂದು ಬೀದಿಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನ ಹೆಸರು. ಮಾರ್ಗೋಸಾ ಎಂದರೆ ಬೇವೇ. ಊರ ಹಿರಿಮೆಯನ್ನು ಬರೆಯುವಾಗ ಇನ್ನೊಂದನ್ನೂ ಬರೆಯಬೇಕು. ಬ್ಲಾಕುಗಳನ್ನು ಜಾತಿವಾರು ಹಂಚಿದ್ದರು. ಆ ಹಿಂದಿನ ಓಣಿಗಳಲ್ಲಿ ಮಲ ಹೊತ್ತು ಊರನ್ನು ಕಾಯಿಲೆಯಿಂದ ಕಾಪಾಡಿದವರಿಗೆ ಮುಂದಿನ ಬೀದಿಯಲ್ಲಿ ಮನೆಯಿರಲಿಲ್ಲ. ಅವರಲ್ಲಿ ಒಬ್ಬರ ಹೆಸರನ್ನೂ ನಾವು ಯಾವ ಕಲ್ಲಿನ ಮೇಲೂ ಬರೆಸಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಸುತ್ತಿನ ಕನ್ಸರ್ವೆನ್ಸಿ ಓಣಿಗಳನ್ನು ಒಂದೊಂದಾಗಿ ನಡೆದು ನೋಡಿದೆ. ಒಂದಕ್ಕೆ ಕಬ್ಬಿಣದ ಗೇಟು, ಬೀಗ. ಇನ್ನೊಂದರಲ್ಲಿ ಜನರೇಟರು. ಮೂರನೆಯದರ ಅರ್ಧ ಯಾರದೋ ಅಡುಗೆಮನೆಯೊಳಗೆ ಹೋಗಿತ್ತು. ಹೊರಹೋಗಲು ದಾರಿಯಿಲ್ಲದ ಮಳೆನೀರು ಕಾಂಪೌಂಡಿನ ಬುಡದಲ್ಲಿ ನಿಂತಿತ್ತು. ಬರವನ್ನೂ ಪ್ಲೇಗನ್ನೂ ಕಂಡವರು ಈ ಜಾಗವನ್ನು ಸುಮ್ಮನೆ ಖಾಲಿ ಬಿಟ್ಟಿರಲಿಲ್ಲ. ಮಲ ಸಾಗಿಸಲು, ನೀರು ಹರಿಯಲು, ಗಾಳಿ ಆಡಲು ಬಿಟ್ಟ ಜಾಗ ಅದು. ಈಗ ಮತ್ತೆ ಪ್ಲೇಗಿನಂಥದ್ದೇನಾದರೂ ಬಂದರೆ ಗುಡಿಸಲು ಹಾಕಲು ತೋಪೂ ಇಲ್ಲ, ಹೊಲವೂ ಇಲ್ಲ.

ಹೀಗೆ ಮುಚ್ಚಿಹೋದದ್ದು ಮತ್ತೆ ಸಿಗುವುದೇ ಇಲ್ಲವೆಂದೇನಲ್ಲ. ಕಾಡು ಮಲ್ಲೇಶ್ವರನ ಎದುರಿಗೇ ನಂದಿತೀರ್ಥದ ಕಲ್ಯಾಣಿ ಮಣ್ಣಿನಡಿ ಮುಚ್ಚಿಹೋಗಿತ್ತು. 1997ರಲ್ಲಿ ಅಗೆದಾಗ ನಂದಿಯ ಬಾಯಿಂದ ನೀರು ಬರುತ್ತಲೇ ಇತ್ತು.

ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಕ್ರಯಪತ್ರವೋ ಸೈಟಿನ ನಕ್ಷೆಯೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮ ಮನೆಯ ಹಿಂದೆ ಎಷ್ಟು ಅಡಿ ಓಣಿ ಇತ್ತೆಂದು ಅದರಲ್ಲಿ ಬರೆದಿರಬಹುದು.