ಎಣ್ಣೆ ತಿನ್ನಲು ಕಲಿತ ಕೆಸರು

ಸಿರುಗುಪ್ಪ, ಕುರುಗೋಡು ಕಡೆ ಕೀಟನಾಶಕಕ್ಕೆ ‘ಎಣ್ಣೆ’ ಅಂತಲೇ ಹೆಸರು. ಭತ್ತಕ್ಕೆ ಎಣ್ಣೆ ಹೊಡೆದ್ರಾ ಅಂತ ಕೇಳಿದರೆ ಯಾರೂ ಅಡುಗೆಮನೆ ಕಡೆ ನೋಡುವುದಿಲ್ಲ. ತುಂಗಭದ್ರಾ ಕಾಲುವೆಯ ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಹುಳು, ಹುಳುವಿನ ಹಿಂದೆ ಎಣ್ಣೆ. ಕಂಟೋನ್ಮೆಂಟಿನಲ್ಲಿ ಕೂತು ಆ ಅನ್ನ ಉಣ್ಣುವವರು ನಾವು. ಹೊಡೆದ ಎಣ್ಣೆ ಕೊನೆಗೆ ಏನಾಗುತ್ತದೆ?

ಇದಕ್ಕೆ ಮೊದಲ ಉತ್ತರಗಳಲ್ಲೊಂದು ಸಿಕ್ಕಿದ್ದು ಭತ್ತದ ಕೆಸರಿನಲ್ಲೇ, ಆದರೆ ಫಿಲಿಪ್ಪೀನ್ಸ್‌ನಲ್ಲಿ. ಅಲ್ಲಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದ ರಘು ಮತ್ತು ಮ್ಯಾಕ್‌ರೇ ಎಂಬ ವಿಜ್ಞಾನಿಗಳು 1966ರಲ್ಲಿ ಒಂದು ವಿಷಯ ಪ್ರಕಟಿಸಿದರು. ನಮ್ಮ ಹಿರಿಯರು ಗಮಾಕ್ಸಿನ್ ಪುಡಿ ಎನ್ನುತ್ತಿದ್ದರಲ್ಲ, ಆ ಬಿಎಚ್‌ಸಿಯಲ್ಲಿ ಹುಳು ಕೊಲ್ಲುವ ಗಾಮಾ ಅಂಶವನ್ನು ನೀರು ನಿಂತ ಮಣ್ಣಿನ ಸೂಕ್ಷ್ಮಜೀವಿಗಳು ಒಡೆದುಹಾಕುತ್ತವೆ ಎಂದು.

ಅದೇ ಸಂಸ್ಥೆಯಲ್ಲಿ ಎನ್. ಸೇತುನಾಥನ್ ಕಂಡದ್ದು ಇನ್ನೂ ಸ್ವಾರಸ್ಯದ್ದು. ಗದ್ದೆಗೆ ಡಯಾಜಿನಾನ್ ಮತ್ತೆ ಮತ್ತೆ ಹಾಕಿದಂತೆ ಅದು ಬೇಗ ಬೇಗ ಮಾಯವಾಗತೊಡಗಿತು. ಗದ್ದೆಯ ನೀರಿನಲ್ಲಿ ಅದನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯಾ ಹೆಚ್ಚಿಕೊಂಡಿದ್ದವು. 1973ರಲ್ಲಿ ಅವರು ಯೋಶಿದಾ ಜೊತೆ ಸೇರಿ ಅಂಥದ್ದೊಂದು ಫ್ಲೇವೋಬ್ಯಾಕ್ಟೀರಿಯಂ ಅನ್ನು ವಿವರಿಸಿದರು. ಅದು ಡಯಾಜಿನಾನ್ ತಿಂದು ಬೆಳೆಯಿತು. ಪ್ಯಾರಾಥಿಯಾನ್ ಅನ್ನು ಮಾತ್ರ ಎರಡು ತುಂಡು ಮಾಡಿ ಬಿಟ್ಟುಬಿಟ್ಟಿತು. ಅಂದರೆ ವಿಷ ತೊಳೆಯುವ ಬ್ಯಾಕ್ಟೀರಿಯಾ ಕಣ್ಣಿಗೆ ಬಿದ್ದದ್ದೇ ಹೊಡೆದ ಔಷಧಿ ನಿಲ್ಲದೆ ಹೋದಾಗ. ಪ್ರಯೋಗಾಲಯಕ್ಕೆ ಸುದ್ದಿ, ರೈತನಿಗೆ ನಷ್ಟ.

ಸೇತುನಾಥನ್ ಮುಂದೆ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಬಿಎಚ್‌ಸಿಯಲ್ಲಿ ಗಾಮಾ ಪಾಲು ನೂರಕ್ಕೆ ಹತ್ತು ಹದಿನೈದು ಅಷ್ಟೆ. ಉಳಿದದ್ದರಲ್ಲಿ ಬೀಟಾ ಎಂಬುದು ಬಹಳ ಹಟಮಾರಿ, ಸುಲಭಕ್ಕೆ ಕರಗದು. 1990ರಲ್ಲಿ ಅವರ ತಂಡ ಕಬ್ಬಿನ ಬೇರಿನ ಸುತ್ತಲ ಮಣ್ಣಿನಿಂದ ಬೀಟಾವನ್ನೂ ಒಡೆಯುವ ಬ್ಯಾಕ್ಟೀರಿಯಾ ತೆಗೆದು ತೋರಿಸಿತು. 2005ರಲ್ಲಿ ಅದಕ್ಕೆ ಸ್ಫಿಂಗೋಬಿಯಂ ಇಂಡಿಕಂ ಎಂದು ನಮ್ಮ ದೇಶದ ಹೆಸರೇ ಸೇರಿತು. ಬಿಎಚ್‌ಸಿಗೆ ಭಾರತದಲ್ಲಿ ನಿಷೇಧ ಬಿದ್ದದ್ದು 1997ರಲ್ಲಿ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಬಿಎಚ್‌ಸಿ, ಡಿಡಿಟಿ ಒಡೆಯುವ ಬ್ಯಾಕ್ಟೀರಿಯಾಗಳ ಗುಂಪುಗಳನ್ನು ಬೆಳೆಸಿದರು.

ಹಾಗಾದರೆ ಮಣ್ಣೇ ಎಲ್ಲ ನೋಡಿಕೊಳ್ಳುತ್ತದಲ್ಲ ಎಂದರೆ, ಕಾಸರಗೋಡನ್ನು ನೆನೆಯಬೇಕು. ಅಲ್ಲಿನ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. 2000ದ ಹೊತ್ತಿಗೆ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು. ಎಂಡೋಸಲ್ಫಾನನ್ನೂ ಮಣ್ಣಿನ ಜೀವಿಗಳು ಬದಲಾಯಿಸುತ್ತವೆ. ಆದರೆ ಅದರಿಂದ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಮೂಲದಷ್ಟೇ ವಿಷ, ಮೂಲಕ್ಕಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ‘ಒಡೆಯಿತು’ ಎಂದು ಯಾರಾದರೂ ಹೇಳಿದರೆ ಏನಾಗಿ ಒಡೆಯಿತು ಎಂದು ಕೇಳಲೇಬೇಕು.

ನಮ್ಮ ಕಡೆ ಈ ಚರಿತ್ರೆಯ ಇನ್ನೊಂದು ಮುಖ ದಿನವೂ ನಡೆಯುತ್ತದೆ. ಗದ್ದೆಗೆ ಎರಚುವ ಫ್ಯೂರಡಾನ್ ಹರಳಿನಲ್ಲಿರುವ ಕಾರ್ಬೊಫ್ಯೂರಾನ್ ಅನ್ನೂ ಪದೇ ಪದೇ ಹಾಕಿದ ಮಣ್ಣು ಬೇಗ ತಿಂದು ಮುಗಿಸುತ್ತದೆ ಎಂಬುದು ಹಳೇ ಸಂಶೋಧನೆ. ಹುಳು ಸಾಯದಿದ್ದಾಗ ಹುಳುವೇ ಗಟ್ಟಿಯಾಯಿತೋ ಕೆಸರು ತಿಂದಿತೋ, ಅಂಗಡಿಯ ಕಟ್ಟೆ ಮೇಲೆ ನಿಂತು ಹೇಳಲಾಗದು. ಅಲ್ಲಿ ಸಿಗುವ ಸಲಹೆ ಮಾತ್ರ ಒಂದೇ: ‘ಈ ಸಲ ಸ್ವಲ್ಪ ಜಾಸ್ತಿ ಹೊಡೀರಿ.’