ರಕ್ತಹೀನತೆ ಮತ್ತು ಎಚ್‌ಬಿಎ1ಸಿ ಪರೀಕ್ಷೆ

ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಗ್ಲೂಕೋಸಿನ ಪ್ರಮಾಣವನ್ನು ಅಳೆದು, ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಅಂದಾಜಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ. 6.5% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸುತ್ತಾರೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ ಎಂಬುದೇ ಈ ಲೆಕ್ಕದ ಆಧಾರ. ರಕ್ತಹೀನತೆ ಅಲುಗಾಡಿಸುವುದು ಅದನ್ನೇ.

ಕಬ್ಬಿಣಾಂಶದ ಕೊರತೆಯಲ್ಲಿ ಹೊಸ ಕಣಗಳ ಹುಟ್ಟು ನಿಧಾನವಾಗಿ, ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಅವು ಹೆಚ್ಚು ಕಾಲ ಸಕ್ಕರೆಯಲ್ಲಿ ಮಿಂದಿರುವುದರಿಂದ ಫಲಿತಾಂಶ ನಿಜಕ್ಕಿಂತ ಮೇಲೇರಬಹುದು. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಸಕ್ಕರೆ ಬದಲಾಗದಿದ್ದರೂ ಫಲಿತಾಂಶ ಇಳಿಯಬಹುದು. ಕಣಗಳು ಬೇಗ ಒಡೆಯುವ ಕುಡಗೋಲು ಕಣ ರೋಗ, ಇತ್ತೀಚಿನ ರಕ್ತಸ್ರಾವ, ರಕ್ತ ಮರುಪೂರಣ ಇವುಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ: ಅಂಕಿ ತಗ್ಗಿ ಕಾಯಿಲೆ ಮರೆಯಾಗುತ್ತದೆ. ಹೆಚ್ಚು ಅಪಾಯಕಾರಿ ಈ ಎರಡನೆಯದೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15–49 ವಯಸ್ಸಿನ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ಇಲ್ಲಿ ಎಚ್‌ಬಿಎ1ಸಿಯನ್ನು ಹಿಮೋಗ್ಲೋಬಿನ್ ವರದಿಯೊಂದಿಗೇ ಓದಬೇಕು. ಅನುಮಾನವಿದ್ದರೆ ರಕ್ತದ ಗ್ಲೂಕೋಸನ್ನೇ ನೇರವಾಗಿ ಅಳೆಯುತ್ತಾರೆ: ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ, ಅಥವಾ 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ 200 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ; ಲಕ್ಷಣಗಳು ಸ್ಪಷ್ಟವಿಲ್ಲದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ.