ಮೇಕೆಯ ಬಾಯಿಗೆ ಅಂಟಿದ ಮೊಸರು



ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆ ನಿಮಗೆಲ್ಲ ಗೊತ್ತು. ಕಂಪ್ಯೂಟರ್ ಲೋಕದಲ್ಲೂ ಒಮ್ಮೆ ಹೀಗೇ ಆಯಿತು. ನಿಮ್ಮಲ್ಲಿ ಅನೇಕರು ಪುಣೆ, ಹೈದರಾಬಾದ್, ಚೆನ್ನೈಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರು. ನಿಮಗಿದು ಮನೆಯದೇ ಕಥೆ. ಉಳಿದವರೂ ಧೈರ್ಯವಾಗಿ ಓದಿ, ಕಷ್ಟವೇನಿಲ್ಲ.

ಅದು 2008ರ ಸೆಪ್ಟೆಂಬರ್. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನ 2.6.27ನೇ ಆವೃತ್ತಿ ಸಿದ್ಧವಾಗುತ್ತಿತ್ತು. ಅದನ್ನು ಒಳಗೊಂಡ ಪರೀಕ್ಷಾ ಪ್ರತಿಗಳನ್ನು ಉಬುಂಟು, ಓಪನ್‌ಸೂಸೆ, ಮಾಂಡ್ರಿವಾ ತಂಡಗಳು ಹೊರಗೆ ಬಿಟ್ಟಿದ್ದವು. ಉತ್ಸಾಹಿಗಳು ತಮ್ಮ ಸ್ವಂತ ಲ್ಯಾಪ್‌ಟಾಪಿಗೆ ಹಾಕಿ ನೋಡಿದರು. ಕೆಲವರ ಯಂತ್ರದಲ್ಲಿ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಸತ್ತುಹೋಯಿತು. ಆಫ್ ಮಾಡಿ ಆನ್ ಮಾಡಿದರೂ ಬರಲಿಲ್ಲ, ಹಳೆಯ ಆವೃತ್ತಿಗೆ ಹಿಂತಿರುಗಿದರೂ ಬರಲಿಲ್ಲ. ಇಂಟೆಲ್ ನೆಟ್‌ವರ್ಕ್ ಕಾರ್ಡ್ ತನ್ನ ವಿವರಗಳನ್ನು ಬರೆದಿಟ್ಟುಕೊಳ್ಳುವ ಶಾಶ್ವತ ಮೆಮೊರಿಯೇ ಕೆಟ್ಟುಹೋಗಿತ್ತು. ಸಾಫ್ಟ್‌ವೇರ್ ತಪ್ಪಿಗೆ ಹಾರ್ಡ್‌ವೇರ್ ಬಲಿಯಾಗಿತ್ತು!

ಅನುಮಾನ ಯಾರ ಮೇಲೆ ಹೋಗಬೇಕು? ಆ ಕಾರ್ಡಿನ ಡ್ರೈವರ್ ಮೇಲೆ ತಾನೇ? ಡ್ರೈವರ್ ಎಂದರೆ ಯಂತ್ರಕ್ಕೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವಿನ ದುಭಾಷಿ. ಇದರ ಹೆಸರು ಇ1000ಇ. ಉಬುಂಟು ತಂಡ ತನ್ನ ಪರೀಕ್ಷಾ ಪ್ರತಿಯಲ್ಲಿ ಅದನ್ನು ಮುಚ್ಚಿಯೇ ಬಿಟ್ಟಿತು. ಡ್ರೈವರ್ ಬರೆದವರು ಸಾಲುಸಾಲು ತಡಕಿದರು. ಅಲ್ಲಿ ಸಣ್ಣಪುಟ್ಟ ಲೋಪ ಸಿಕ್ಕವೇ ಹೊರತು ಕಾರ್ಡ್ ಕೊಲ್ಲುವಂಥದ್ದು ಸಿಗಲಿಲ್ಲ. ಗ್ರಾಫಿಕ್ಸ್ ಕಡೆಗೂ ಬೆರಳು ತೋರಿಸಿದ್ದಾಯಿತು. ಕೊನೆಗೆ, ಕಳ್ಳ ಸಿಗದಿದ್ದರೂ ಬಾಗಿಲಿಗೆ ಬೀಗವಾದರೂ ಇರಲಿ ಎಂದು, ಆ ಶಾಶ್ವತ ಮೆಮೊರಿಗೆ ಯಾರೂ ಬರೆಯದಂತೆ ತಡೆ ಹಾಕಿದರು. ಅಕ್ಟೋಬರ್ 9ರಂದು 2.6.27 ಬಿಡುಗಡೆಯಾಯಿತು.

ಹುಡುಕಾಟ ಏಕೆ ಕಷ್ಟವಾಯಿತು ಗೊತ್ತೇ? ಇಂಥ ತಪ್ಪು ಹುಡುಕಲು ಒಂದು ಹಳೆಯ ಉಪಾಯವಿದೆ. ಆವೃತ್ತಿಗೆ ಸೇರಿದ ಬದಲಾವಣೆಗಳನ್ನು ಎರಡು ಪಾಲು ಮಾಡಿ, ತಪ್ಪು ಯಾವ ಪಾಲಿನಲ್ಲಿದೆ ಎಂದು ಪರೀಕ್ಷಿಸಿ, ಆ ಪಾಲನ್ನು ಮತ್ತೆ ಎರಡು ಮಾಡುತ್ತ ಹೋಗುವುದು. ಹತ್ತು ಸಾವಿರ ಬದಲಾವಣೆ ಇದ್ದರೂ ಹದಿನಾಲ್ಕು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಆದರೆ ಇಲ್ಲಿ ಒಂದೊಂದು ಸುತ್ತಿಗೂ ಒಂದು ಕಾರ್ಡ್ ಸಾಯಬಹುದು! ಮೆಮೊರಿಯ ನಕಲು ಮೊದಲೇ ತೆಗೆದಿಟ್ಟುಕೊಂಡವರು ಮಾತ್ರ ಮತ್ತೆ ಬರೆದು ಬದುಕಿಸಬಹುದಿತ್ತು.

ಹಾಗೆ ಹುಡುಕಿದ ಜಾಡು ಹೋಗಿ ನಿಂತದ್ದು ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಎಫ್‌ಟ್ರೇಸ್ ಮುಂದೆ. ಕರ್ನೆಲ್ ಒಳಗೆ ಯಾವ ಫಂಕ್ಷನ್ ಯಾವಾಗ ಓಡಿತು ಎಂದು ಪತ್ತೆಹಚ್ಚಲು ಸ್ಟೀವನ್ ರೋಸ್ಟೆಡ್ ಬರೆದ ಸಾಧನ ಅದು. ಅದೇ ಆವೃತ್ತಿಯಲ್ಲಿ ಹೊಸದಾಗಿ ಸೇರಿತ್ತು. ಪತ್ತೇದಾರನೇ ಅಪರಾಧಿ!

ಆದದ್ದೇನೆಂದರೆ, ಎಫ್‌ಟ್ರೇಸ್ ಪ್ರತಿ ಫಂಕ್ಷನ್ನಿನ ತಲೆಯಲ್ಲೂ ಒಂದು ಗುರುತು ಇಡಿಸುತ್ತಿತ್ತು. ಬೇಡದಾಗ ಅದರಿಂದ ಯಂತ್ರ ನಿಧಾನವಾಗಬಾರದಲ್ಲ? ಅದಕ್ಕಾಗಿ ಓಡಿದ ಫಂಕ್ಷನ್ನಿನ ವಿಳಾಸ ಬರೆದುಕೊಂಡು, ಆಮೇಲೆ ಅಲ್ಲಿಗೆ ಹೋಗಿ ಗುರುತನ್ನು ಅಳಿಸುತ್ತಿತ್ತು. ಆದರೆ ಕೆಲವು ಫಂಕ್ಷನ್‌ಗಳು ಆರಂಭದಲ್ಲಿ ಒಮ್ಮೆ ಓಡಿ ಜಾಗ ಖಾಲಿ ಮಾಡುತ್ತವೆ. ಮುಂಬೈಯಲ್ಲಿ ಬಾಡಿಗೆ ಮನೆ ಬದಲಿಸಿದವರಿಗೆ ಇದು ಬೇಗ ಅರ್ಥವಾದೀತು. ನೀವು ಖಾಲಿ ಮಾಡಿದ ಮನೆಗೆ ಬೇರೆಯವರು ಬಂದಿದ್ದಾರೆ, ಹಳೆಯ ವಿಳಾಸ ಹಿಡಿದವನು ಅವರ ಬಾಗಿಲು ಬಡಿಯುತ್ತಾನೆ. ಇಲ್ಲಿ ಆ ಹೊಸ ಬಾಡಿಗೆದಾರ ನೆಟ್‌ವರ್ಕ್ ಕಾರ್ಡಿನ ಶಾಶ್ವತ ಮೆಮೊರಿ.

ರೋಸ್ಟೆಡ್ ಎಚ್ಚರ ವಹಿಸಿರಲಿಲ್ಲವೆಂದಲ್ಲ. ನಿರೀಕ್ಷಿಸಿದ ಅಕ್ಷರಗಳೇ ಇದ್ದರೆ ಮಾತ್ರ ಬದಲಿಸು ಎಂಬ ಆಜ್ಞೆಯನ್ನೇ ಅವರು ಬಳಸಿದ್ದರು. ಆದರೆ ಪ್ರೊಸೆಸರಿನ ಆ ಆಜ್ಞೆಗೆ ಒಂದು ಗುಣವಿದೆ. ಹೊಂದಿಕೆಯಾಗದಿದ್ದರೂ, ಓದಿದ್ದನ್ನೇ ತಿರುಗಿ ಅಲ್ಲೇ ಬರೆಯುತ್ತದೆ. ಮಾಮೂಲಿ ಮೆಮೊರಿಯಲ್ಲಿ ಅದು ಸ್ಲೇಟಿನ ಅಕ್ಷರದ ಮೇಲೆ ಅದೇ ಅಕ್ಷರ ತಿದ್ದಿದಂತೆ, ಏನೂ ಆಗದು. ಯಂತ್ರಭಾಗದ ಮೆಮೊರಿಗೆ ಮಾತ್ರ ಪ್ರತಿ ಬರಹವೂ ಒಂದು ಅಪ್ಪಣೆ. ಕಾರ್ಡ್ ಸತ್ತದ್ದು ಹೀಗೆ.

ಅದೇ ತಿಂಗಳು ಬಂದ 2.6.27.1ರಲ್ಲಿ ಎಫ್‌ಟ್ರೇಸಿನ ಈ ಭಾಗವನ್ನು ಬಳಸದಂತೆ ಮಾಡಿದರು. ಹಾಗೆಂದು ಕಿತ್ತೆಸೆಯಲಿಲ್ಲ. 2.6.28ರ ಹೊತ್ತಿಗೆ ಅದನ್ನು ಬೇರೆಯದೇ ರೀತಿಯಲ್ಲಿ ಬರೆದರು. ಗುರುತಿರುವ ಜಾಗಗಳ ಪಟ್ಟಿ ಕರ್ನೆಲ್ ಕಟ್ಟುವಾಗಲೇ ತಯಾರಾಗತೊಡಗಿತು. ಖಾಲಿಯಾದ ಮನೆಯ ವಿಳಾಸ ಪಟ್ಟಿಯಲ್ಲಿ ಉಳಿಯದಂತಾಯಿತು. ಇಂದು ಆಂಡ್ರಾಯ್ಡ್ ಫೋನುಗಳು ಎಲ್ಲಿ ನಿಧಾನವಾಗುತ್ತವೆ ಎಂದು ಹುಡುಕುವವರಿಗೂ ಇದೇ ಎಫ್‌ಟ್ರೇಸ್ ನೆರವಾಗುತ್ತಿದೆ.

ಇ1000ಇ ಡ್ರೈವರಿಗೂ ಕಳಂಕ ಕಳೆಯಿತು. ಆದರೆ ಅದಕ್ಕೆ ಮೊದಲು ಎಷ್ಟೋ ವಾರ ಅದರ ಬಾಯಿಯ ಮೊಸರನ್ನೇ ಎಲ್ಲರೂ ನೋಡುತ್ತಿದ್ದರು. ನಾಳೆ ನಿಮ್ಮ ಆಫೀಸಿನಲ್ಲೋ ಮನೆಯಲ್ಲೋ ಏನಾದರೂ ಕೆಟ್ಟು ನಿಂತಾಗ, ಎದುರಿಗೆ ಸಿಕ್ಕವರನ್ನು ಬೈಯುವ ಮುನ್ನ ಒಂದು ಗಳಿಗೆ ಆ ಮೇಕೆಯನ್ನು ನೆನೆಸಿಕೊಳ್ಳಿ. ಕೋತಿ ಇನ್ನೂ ಮರದ ಮೇಲೇ ಇದ್ದೀತು.